ಮಧ್ಯಂತರದ ಹರಟೆ: ಒಂಬತ್ತು ತಿಂಗಳು, ಒಂದೇ ಹಾಡು!

ನಮ್ಮ ಸಿನಿಮಾದೋರಿಗೆ ಬಸಿರು ಅಂದ್ರೆ ಎಷ್ಟು ಸಲೀಸು ನೋಡಿ ಸ್ವಾಮಿ! ನಾಯಕಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಾ ಇರ್ತಾಳೆ. ಇದ್ದಕ್ಕಿದ್ದ ಹಾಗೆ ಸೆರಗನ್ನು ಬಾಯಿಗೆ ಒತ್ತಿ ಬಚ್ಚಲಿಗೆ ಓಡ್ತಾಳೆ. ಅತ್ತೆಯ ಮುಖದಲ್ಲಿ ನಗು. ಕಪ್ಪು ಪೆಟ್ಟಿಗೆ ಹಿಡಿದ ಡಾಕ್ಟರು ಬಂದು, ಎರಡೇ ಕ್ಷಣ ನಾಡಿ ಹಿಡಿದು, "ಕಂಗ್ರಾಜ್ಯುಲೇಷನ್ಸ್! ನೀವು ತಂದೆಯಾಗ್ತಾ ಇದೀರಿ" ಅಂತಾರೆ. ನಾಯಕಮಣಿ ಹೆಂಡತಿಯನ್ನು ಎತ್ತಿ ಗಿರಗಿರನೆ ತಿರುಗಿಸ್ತಾನೆ. (ಈಗ ತಾನೇ ವಾಂತಿ ಮಾಡಿಕೊಂಡವಳನ್ನು ಹಾಗೆ ತಿರುಗಿಸಿದರೆ ಗತಿ ಏನು ಅಂತ ಯಾವ ನಿರ್ದೇಶಕರೂ ಯೋಚಿಸಿದ ಹಾಗಿಲ್ಲ!) ಆಮೇಲೆ ಒಂದು ಹಾಡು. ಮೊದಲ ಚರಣಕ್ಕೆ ಮಾವಿನಕಾಯಿ, ಎರಡನೆಯದಕ್ಕೆ ಹಸಿರು ಬಳೆ, ಹಾಡು ಮುಗಿಯೋ ಹೊತ್ತಿಗೆ ತೊಟ್ಟಿಲು. ಮುಂದಿನ ಶಾಟ್‌ನಲ್ಲಿ ಆಪರೇಷನ್ ಥಿಯೇಟರ್ ಬಾಗಿಲ ಮೇಲೆ ಕೆಂಪು ದೀಪ, ಹೊರಗೆ ನಾಯಕನ ಶತಪಥ. ನರ್ಸಮ್ಮ ಬಂದು "ಗಂಡು ಮಗು" ಅಂದರೆ ಮುಗೀತು. ಒಂಬತ್ತು ತಿಂಗಳು ಐದು ನಿಮಿಷದಲ್ಲಿ ಖಲಾಸ್!

ನಾಡಿ ಹಿಡಿದು ಬಸಿರು ಹೇಳೋ ಡಾಕ್ಟರು ಇರೋದು ಬೆಳ್ಳಿತೆರೆಯಲ್ಲಿ ಮಾತ್ರ. ಅದು ಗೊತ್ತಾಗೋದು ಮೂತ್ರ ಪರೀಕ್ಷೆಯಿಂದ. ಇರಲಿ ಬಿಡಿ, ರೀಲು ಉಳಿಸೋದು ಅವರ ಕಷ್ಟ. ಆದರೆ ಮುಂದಿನ ಸಾಲಿನಲ್ಲಿ ಟಿಕೆಟ್ ತಗೊಂಡು ಕೂತ ಗಂಡ-ಹೆಂಡತಿಗೆ ಆ ಒಂಬತ್ತು ತಿಂಗಳನ್ನು ದಿನದಿನವೂ ಬದುಕಬೇಕಲ್ಲ, ಅವರಿಗೆ ಕಟ್ ಹೇಳೋರು ಯಾರು?

ಈ ವಾರ ಈ ವಿಷಯ ಎತ್ತೋದಕ್ಕೆ ಕಾರಣ ಒಂದು ಪತ್ರ. ಬರೆದವರು ಬಸ್ ಕಂಡಕ್ಟರ್. ಬೆಂಗಳೂರು-ಶಿವಮೊಗ್ಗ ರೂಟು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋದಿಲ್ಲ. ಮದುವೆಯಾಗಿ ಎರಡು ವರ್ಷ, ಹೆಂಡತಿಗೆ ಈಗ ಎಂಟನೇ ತಿಂಗಳು. ಏಳರಲ್ಲಿ ಸೀಮಂತ ಮಾಡಿ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅಂತ ಅತ್ತೆ-ಮಾವ ಬಂದು ತಿಪಟೂರಿಗೆ ಕರಕೊಂಡು ಹೋಗಿದ್ದಾರೆ. ಪತ್ರದ ಒಂದು ಭಾಗವನ್ನು ಅವರ ಮಾತಿನಲ್ಲೇ ಓದಿ:

"ಸಾರ್, ಡಾಕ್ಟರು ಹೊರಗೆ ಬಂದು ತಾಯಿ ಬೇಕೋ ಮಗು ಬೇಕೋ ಅಂತ ಕೇಳೋ ಸೀನು ಬಂದರೆ ನಾನು ಎದ್ದು ಹೊರಗೆ ಹೋಗಿಬಿಡ್ತೀನಿ. ನಮ್ಮಕ್ಕ ಚೊಚ್ಚಲ ಹೆರಿಗೆಯಲ್ಲೇ ಹೋದಳು. ನನಗಾಗ ಒಂಬತ್ತು ವರ್ಷ. ಮನೇಲಿ ಯಾರೂ ಆ ಮಾತು ಎತ್ತೋದಿಲ್ಲ. ಹೆಂಡತಿ ಹೆದರಿಕೊಳ್ತಾಳೆ ಅಂತ ಅವಳಿಗೂ ಹೇಳಿಲ್ಲ. ರಾತ್ರಿ ಫೋನ್ ಮಾಡಿ ಊಟ ಆಯ್ತಾ ಅಂತೀನಿ. ಆಯ್ತು ರೀ ಅಂತಾಳೆ. ಮತ್ತೇನು ಅಂತೀನಿ. ಏನಿಲ್ಲ ಅಂತಾಳೆ. ಅಷ್ಟೇ ಮಾತು. ನಮ್ಮ ಬಸ್ಸು ತಿಪಟೂರು ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಲ್ಲುತ್ತೆ. ವಾರಕ್ಕೆ ಎರಡು ಸಲ ಅವಳು ತಮ್ಮನ ಜೊತೆ ಬಂದು ನಿಂತಿರ್ತಾಳೆ, ಊಟದ ಡಬ್ಬಿ ಕೊಡ್ತಾಳೆ. ಜನ ನೋಡ್ತಾ ಇರ್ತಾರೆ, ಏನು ಮಾತಾಡೋದು? ನಿಜವಾಗಿ ಡಾಕ್ಟರು ಹಾಗೆ ಕೇಳ್ತಾರಾ ಸಾರ್? ಕೇಳಿದರೆ ನಾನೇನು ಹೇಳಲಿ?"

ಕಂಡಕ್ಟರ್ ಸಾಹೇಬರೇ, ಮೊದಲು ಈ ಭಯ ಇಳಿಸಿಬಿಡೋಣ. ಹಾಗೆ ಕೇಳೋದು ಸಂಭಾಷಣೆ ಬರೆಯೋರು, ಡಾಕ್ಟರಲ್ಲ. ಹೆರಿಗೆ ಕಷ್ಟವಾದಾಗ ಇಬ್ಬರನ್ನೂ ಉಳಿಸೋಕೆ ನೋಡ್ತಾರೆ, ಪ್ರಾಣಕ್ಕೇ ಬಂದರೆ ತಾಯಿ ಮೊದಲು. ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿ ತೀರ್ಪು ಕೇಳೋದಿಲ್ಲ. ಕೇಳೋದು ಆಪರೇಷನ್ನಿಗೆ ಒಪ್ಪಿಗೆ ಇದೆಯೇ, ಬೇಕಾದರೆ ರಕ್ತ ಕೊಡೋರು ಇದ್ದಾರೆಯೇ ಅಂತ. ಆ ಒಪ್ಪಿಗೆಯೂ ಮೊದಲು ಆಕೆಯದೇ.

ಇನ್ನು ಅಕ್ಕನ ವಿಷಯ. ಅದನ್ನು ಸಮಾಧಾನದ ಮಾತಿನಲ್ಲಿ ಮುಚ್ಚೋಕೆ ಆಗೋದಿಲ್ಲ, ಆದರೆ ಕಾಲ ಬದಲಾಗಿದೆ ಅನ್ನೋದಕ್ಕೆ ಲೆಕ್ಕ ಇದೆ. 2004-06ರ ಸರ್ಕಾರಿ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟುವಾಗ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಮನೆ ಹೆರಿಗೆ ಕಡಿಮೆಯಾಯ್ತು, ಆಸ್ಪತ್ರೆ ಹೆರಿಗೆ ಹೆಚ್ಚಾಯ್ತು, 2008ರಿಂದ 108ರ ಗಾಡಿ ಬಂತು. ಆದರೆ 69 ಅಂದ್ರೆ ಸೊನ್ನೆಯಲ್ಲ. ರಕ್ತಸ್ರಾವ, ಏರಿದ ಬಿಪಿ, ನಂಜು, ರಕ್ತಹೀನತೆ ಇವು ಈಗಲೂ ತಾಯಂದಿರ ಶತ್ರುಗಳು. ಖಳನಾಯಕ ಬರೋ ಮುಂಚೆ ಹಿನ್ನೆಲೆ ಸಂಗೀತ ಕೇಳಿಸೋ ಹಾಗೆ, ಇವುಗಳಲ್ಲಿ ಹೆಚ್ಚಿನವು ಮುಂಚೆಯೇ ಸುಳಿವು ಕೊಡ್ತವೆ. ಬಿಡದ ತಲೆನೋವು, ಕಣ್ಣು ಮಂಜಾಗೋದು, ಮುಖ-ಕೈ ಊದಿಕೊಳ್ಳೋದು, ರಕ್ತ ಕಾಣಿಸಿಕೊಳ್ಳೋದು, ನೀರು ಹೋಗೋದು, ಮಗುವಿನ ಒದೆತ ಕಡಿಮೆಯಾಗೋದು. ಇದರಲ್ಲಿ ಯಾವುದಾದರೂ ಒಂದು ಕಂಡರೆ ಬೆಳಿಗ್ಗೆ ನೋಡೋಣ ಅನ್ನಬಾರದು, ಆಗಲೇ ಹೊರಡಬೇಕು.

ಈಗ ಹೇಳಿ, ಈ ಸುಳಿವು ಇದೆಯೋ ಇಲ್ಲವೋ ಅನ್ನೋದು "ಊಟ ಆಯ್ತಾ, ಮತ್ತೇನು" ಅನ್ನೋ ಮಾತಿನಲ್ಲಿ ಗೊತ್ತಾಗುತ್ತಾ? ಅವಳ "ಏನಿಲ್ಲ" ಅನ್ನೋದರಲ್ಲಿ ಏನೇನಿದೆ ಗೊತ್ತಾ ಸ್ವಾಮಿ? ರಾತ್ರಿ ನಾಲ್ಕು ಸಲ ಬಚ್ಚಲಿಗೆ ಎದ್ದದ್ದು ಇದೆ, ಮಗ್ಗುಲು ಬದಲಿಸೋಕೆ ಪಟ್ಟ ಪಾಡು ಇದೆ, ಮೀನಖಂಡ ಹಿಡಿದು ಕಣ್ಣಲ್ಲಿ ನೀರು ಬಂದದ್ದು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, "ಪಾಪ, ಡ್ಯೂಟಿ ಮುಗಿಸಿ ಸುಸ್ತಾಗಿ ಬಂದಿರ್ತಾರೆ, ಇದನ್ನೆಲ್ಲ ಯಾಕೆ ಹೇಳೋದು" ಅನ್ನೋ ಕರುಣೆ ಇದೆ. ನೀವು ಅವಳಿಗೆ ಭಯವಾಗದಿರಲಿ ಅಂತ ಅಕ್ಕನನ್ನು ಬಚ್ಚಿಟ್ಟಿದ್ದೀರಿ, ಅವಳು ನಿಮಗೆ ಭಯವಾಗದಿರಲಿ ಅಂತ ತನ್ನ ನೋವು ಬಚ್ಚಿಟ್ಟಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯ್ತಾ ಕೂತು, ಇಬ್ಬರೂ ಒಂಟಿ!

ನಮ್ಮ ಪದ್ಧತಿಯೂ ಇದಕ್ಕೆ ಸ್ವಲ್ಪ ಸೇರಿಕೊಂಡಿದೆ. ತವರಿಗೆ ಕಳಿಸೋದು ತಪ್ಪು ಅಂತ ನಾನು ಹೇಳೋದಿಲ್ಲ. ಮೊದಲ ಬಸಿರಲ್ಲಿ ಹೆಣ್ಣಿಗೆ ತಾಯಿಯ ಕೈಯೂಟಕ್ಕಿಂತ ದೊಡ್ಡ ಟಾನಿಕ್ ಇಲ್ಲ. ಆದರೆ ಹೆಂಡತಿಯನ್ನು ಬಸ್ ಹತ್ತಿಸಿದ ದಿನವೇ "ಇನ್ನು ಅವರು ನೋಡಿಕೊಳ್ತಾರೆ" ಅಂತ ಗಂಡ ಕೈ ತೊಳಕೊಳ್ತಾನಲ್ಲ, ಅಲ್ಲಿದೆ ತಪ್ಪು. ಬಸಿರು ಹೊರೋದು ಅವಳು ಒಬ್ಬಳೇ. ಕಾಯೋದರಲ್ಲಿ ನಿಮಗೂ ಅರ್ಧ ಪಾಲಿದೆ, ಆ ಪಾಲನ್ನು ಮಾವನ ಮನೆಗೆ ಬರೆದುಕೊಡಬೇಡಿ.

ಹತ್ತು ನಿಮಿಷ ಸಾಲದು ಅಂತೀರಾ? ನಮ್ಮ ನಿರ್ದೇಶಕರು ಹತ್ತು ನಿಮಿಷದಲ್ಲಿ ಎರಡು ಬಸಿರು ಮುಗಿಸ್ತಾರೆ! ಡಬ್ಬಿ ಇಸಕೊಂಡ ಮೇಲೆ ತಾಯಿ ಕಾರ್ಡು ಈಸಿಕೊಂಡು ನೋಡಿ. ಬಿಪಿ ಎಷ್ಟು, ತೂಕ ಎಷ್ಟು, ರಕ್ತ ಎಷ್ಟಿದೆ ಅಂತ ಅದರಲ್ಲಿ ಬರೆದಿರ್ತಾರೆ. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗ್ತಾ ಇದ್ದಾಳಾ ಕೇಳಿ. ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತೋದಿಲ್ಲ, ನಿಂಬೆ ಶರಬತ್ತಿನ ಜೊತೆಯಾದರೆ ಒಳ್ಳೇದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಪುಕ್ಕಟೆ ತಪಾಸಣೆ ಇರುತ್ತೆ, 2016ರಿಂದ ನಡೀತಾ ಇದೆ. ಆ ದಿನ ರಜೆ ಹಾಕಿ ಜೊತೆಗೆ ಹೋಗಿ. ಹೆರಿಗೆ ಎಲ್ಲಿ, ರಾತ್ರಿ ಎರಡು ಗಂಟೆಗೆ ನೋವು ಬಂದರೆ ಗಾಡಿ ಯಾವುದು, ರಕ್ತ ಬೇಕಾದರೆ ಯಾರು ಕೊಡ್ತಾರೆ, ಇದನ್ನೆಲ್ಲ ಮಾವನವರ ಜೊತೆ ಈಗಲೇ ಕೂತು ಮಾತಾಡಿಕೊಳ್ಳಿ. ಹೆರಿಗೆ ಕೋಣೆಯೊಳಗೆ ಬಸುರಿಯ ಜೊತೆಗೆ ಒಬ್ಬರು ಇರೋದಕ್ಕೆ ಈಗ ಸರ್ಕಾರಿ ಆಸ್ಪತ್ರೆಗಳಲ್ಲೂ ಅವಕಾಶ ಉಂಟು. ಸಾಮಾನ್ಯವಾಗಿ ಹೆಣ್ಣು ನೆಂಟರನ್ನೇ ಬಿಡ್ತಾರೆ, ಮರೆ ಇರುವ ಕಡೆ ಗಂಡನನ್ನೂ ಬಿಡೋದುಂಟು. ಅವಳಿಗೆ ಯಾರು ಬೇಕು ಅಂತ ಅವಳನ್ನೇ ಕೇಳಿ.

ಮತ್ತೆ ಫೋನಿನಲ್ಲಿ ಮಾತು ಸಿಗೋದಿಲ್ಲ ಅಂದಿರಲ್ಲ, ಅದಕ್ಕೊಂದು ಉಪಾಯ. ಆರನೇ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿಗೆ ಹೊರಗಿನ ಸದ್ದು ಕೇಳೋಕೆ ಶುರುವಾಗುತ್ತೆ. ಫೋನನ್ನು ಹೊಟ್ಟೆ ಹತ್ತಿರ ಇಟ್ಟುಕೋ ಅಂತ ಹೇಳಿ, ನಿಮ್ಮ ಕಸುಬಿನ ಮಾತನ್ನೇ ಆಡಿ: "ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ... ಯಾರ್ರೀ ಟಿಕೆಟ್!" ಮಗು ನಿಮ್ಮ ದನಿ ಗುರುತು ಹಿಡಿಯುತ್ತೋ ಇಲ್ಲವೋ, ಅವಳಂತೂ ನಗ್ತಾಳೆ. ನಕ್ಕ ಮೇಲೆ "ಏನಿಲ್ಲ" ಅನ್ನೋದು ಕಷ್ಟ. ಆವಾಗ ಅಕ್ಕನ ಮಾತು ತೆಗೀರಿ. ಹೆದರಿಸೋಕಲ್ಲ, "ನನಗೆ ಭಯ ಇದೆ ಕಣೇ, ಅದಕ್ಕೇ ಇಷ್ಟೆಲ್ಲ ಕೇಳ್ತೀನಿ" ಅಂತ ಹೇಳೋಕೆ. ಅಕ್ಕನಿಗಾದದ್ದು ಇವಳಿಗೂ ಆಗಬೇಕು ಅಂತೇನಿಲ್ಲ. ಆದರೆ ಗಂಡ ಯಾಕೆ ಮೂಕನಾಗಿದ್ದಾನೆ ಅಂತ ಅವಳಿಗೆ ಗೊತ್ತಾಗಬೇಕು.

ಮಗು ಅತ್ತ ಕೂಡಲೇ 'ಶುಭಂ' ಹಾಕೋದೂ ಸಿನಿಮಾದ ಅಭ್ಯಾಸವೇ. ಆದರೆ ಹಾಗೆ ಹಾಕದ ಕನ್ನಡ ಚಿತ್ರವೊಂದಿದೆ, ಚಿತ್ರರಸಿಕರು ಮರೆತಿರಲಾರರು. 1971ರ 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಬಾಣಂತನದಲ್ಲಿ ಮನಸ್ಸು ಕದಡಿ ಆಸ್ಪತ್ರೆ ಸೇರಿದ ಹೆಣ್ಣು ವಾಸಿಯಾಗಿ ಮನೆಗೆ ಬರ್ತಾಳೆ. ಮನೆಯವರು ಮಾತ್ರ ಅವಳನ್ನು ಹುಚ್ಚಿಯಾಗಿಯೇ ನೋಡ್ತಾರೆ, ಕೈ ಹಿಡಿದ ಗಂಡನೇ ದೂರ ಸರೀತಾನೆ. ಅವಳನ್ನು ಮತ್ತೆ ಮುರಿದದ್ದು ಮನೆಯವರು. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಅಷ್ಟು ಹಿಂದೆಯೇ ಕಂಡಿದ್ದರು. ಆ ತಾಯಿ 1963ರಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಇನ್ನೂ 34ರ ವಯಸ್ಸಿನಲ್ಲಿ ತೀರಿಕೊಂಡರು. 'ಬೆಳ್ಳಿಮೋಡ'ವಾಗಲಿ 'ಶರಪಂಜರ'ವಾಗಲಿ ತೆರೆಗೆ ಬಂದದ್ದನ್ನು ನೋಡೋಕೆ ಅವರು ಉಳಿಯಲಿಲ್ಲ.

ಇದನ್ನು ಯಾಕೆ ಹೇಳಿದೆ ಅಂದ್ರೆ, ಹೆರಿಗೆ ಆದ ಮೇಲಿನ ಆರು ವಾರವೂ ಜೋಪಾನದ ಕಾಲ. ಜ್ವರ, ಅತಿಯಾದ ರಕ್ತ, ಒಂದು ಕಾಲು ಮಾತ್ರ ಊದಿ ನೋಯೋದು, ಉಸಿರು ಕಟ್ಟೋದು, ಇವು ಕಂಡರೆ ಮನೆಮದ್ದು ಸಾಕು ಅನ್ನಬಾರದು. ಮನಸ್ಸಿನ ಮಾತೂ ಹಾಗೇ. ಹೆತ್ತ ಮೊದಲ ವಾರ ಸುಮ್ಮಸುಮ್ಮನೆ ಅಳು ಬರೋದು ಬಹಳ ಜನಕ್ಕೆ ಉಂಟು, ತಾನಾಗಿ ಹೋಗುತ್ತೆ. ಎರಡು ವಾರ ಕಳೆದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಬೇಕು. ನಿದ್ದೆಯೇ ಇಲ್ಲದೆ, ಏನೇನೋ ಮಾತಾಡ್ತಾ, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಪಡ್ತಾ ಇದ್ದರೆ ಅವತ್ತೇ ಹೋಗಬೇಕು. ದೆವ್ವ, ದೃಷ್ಟಿ ಅಂತ ತಾಯತಕ್ಕೆ ಓಡಬೇಡಿ. ಇದು ಕಾಯಿಲೆ, ಔಷಧಿ ಇದೆ, ವಾಸಿಯಾಗುತ್ತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡ್ತಾರೆ. 14416ಕ್ಕೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕಾವೇರಿಯ ಗಂಡನಿಗೆ ಇಷ್ಟೆಲ್ಲ ಅನುಕೂಲ ಇರಲಿಲ್ಲ. ನಿಮಗಿದೆ.

ಇನ್ನೊಂದು ಮಾತು, ಅತ್ತೆಯಂದಿರಿಗೆ. ನರ್ಸಮ್ಮ ಬಂದು "ಹೆಣ್ಣು ಮಗು" ಅಂದರೆ ಸೊಸೆಯ ಮೇಲೆ ಮುಖ ಗಂಟಿಕ್ಕಬೇಡಿ ತಾಯಿ. ಗಂಡೋ ಹೆಣ್ಣೋ ಅನ್ನೋದು ತೀರ್ಮಾನವಾಗೋದು ನಿಮ್ಮ ಸುಪುತ್ರನ ಕಡೆಯಿಂದ, ಇದು ವಿಜ್ಞಾನದ ಮಾತು. ಮೊದಲೇ ತಿಳಕೊಳ್ಳೋಣ ಅಂತ ಸ್ಕ್ಯಾನಿಂಗ್‌ನವರ ಬೆನ್ನು ಹತ್ತಿದರೆ 1994ರ ಕಾಯ್ದೆ ಪ್ರಕಾರ ಕೇಳಿದವರೂ ಅಪರಾಧಿ, ಹೇಳಿದವರೂ ಅಪರಾಧಿ. ಇಂಟರ್ವಲ್‌ಗೆ ಮುಂಚೆ ಕ್ಲೈಮ್ಯಾಕ್ಸ್ ಕೇಳೋದು ಸಿನಿಮಾಕ್ಕೂ ಒಳ್ಳೇದಲ್ಲ!

ಕಂಡಕ್ಟರ್ ಸಾಹೇಬರೇ, ಹೆರಿಗೆ ದಿನ ಹೊರಗೆ ನಿಲ್ಲಬೇಕಾಗಿ ಬಂದರೆ ಶತಪಥ ಹಾಕಬೇಡಿ, ಅದರಿಂದ ಯಾರಿಗೂ ಉಪಯೋಗವಿಲ್ಲ. ಅತ್ತೆಯವರಿಗೆ ಒಂದು ಲೋಟ ಕಾಫಿ ತಂದುಕೊಡಿ. ರಕ್ತ ಕೊಡೋ ಗೆಳೆಯನನ್ನು ಹತ್ತಿರವೇ ಇಟ್ಟುಕೊಳ್ಳಿ. ಸುದ್ದಿ ಬಂದ ಮೇಲೆ ನಮಗೂ ಒಂದು ಕಾರ್ಡು ಬರೀರಿ, ಗಂಡೋ ಹೆಣ್ಣೋ ಅಂತ ನಾವು ಕೇಳೋದಿಲ್ಲ. ತಾಯಿ ಹೇಗಿದ್ದಾಳೆ ಅಂತ ಮೊದಲ ಸಾಲಿನಲ್ಲಿ ಬರೆದರೆ ಸಾಕು.

ಮುಂದಿನ ವಾರ: ಹಾಡಿನ ಮಧ್ಯೆ ನಾಯಕ-ನಾಯಕಿ ಏಳು ಸಲ ಬಟ್ಟೆ ಬದಲಿಸ್ತಾರಲ್ಲ, ಆ ಪೆಟ್ಟಿಗೆ ಹೊರೋರು ಯಾರು?