ಕೋಣೆಯ ಬಾಡಿಗೆಯೂ ಬಿಲ್ಲಿನ ಮೊತ್ತವೂ

ನಮ್ಮ ಶಾಲೆಯ ಪ್ರವೇಶ ಪತ್ರಗಳಲ್ಲಿ ‘ತಂದೆಯ ಉದ್ಯೋಗ’ ಎಂಬ ಅಂಕಣದ ಮುಂದೆ ‘ಹೋಟೆಲು’ ಎಂಬ ಒಂದೇ ಶಬ್ದವು ಎಷ್ಟು ಸಲ ಬರೆಯಲ್ಪಟ್ಟಿದೆಯೆಂಬುದನ್ನು ಎಣಿಸಿದವರಿಲ್ಲ. ಗಲ್ಲಾದ ಮುಂದೆ ಕುಳಿತ ಮಾಲಿಕನಿಗೂ ಅದೇ ಶಬ್ದ, ದೋಸೆಯ ಕಾವಲಿಯ ಮುಂದೆ ನಿಂತ ಭಟ್ಟರಿಗೂ ಅದೇ ಶಬ್ದ, ಮೇಜು ಒರೆಸುವವನಿಗೂ ಅದೇ ಶಬ್ದ. ಮುಂಬಯಿಗೆ ಬಂದಿಳಿದ ಕನ್ನಡಿಗರಲ್ಲಿ ಬಹುಮಂದಿಗೆ ಮೊದಲ ತುತ್ತನ್ನೂ, ಮೈ ಚಾಚಲು ಮೊದಲ ಜಾಗವನ್ನೂ ಕೊಟ್ಟದ್ದು ಹೋಟೆಲೇ. ಹಗಲೆಲ್ಲ ಅಲ್ಲಿ ದುಡಿದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತ ಹುಡುಗರ ಪೀಳಿಗೆಗಳೇ ಈ ನಗರದಲ್ಲಿ ಆಗಿಹೋಗಿವೆ. ಆದುದರಿಂದ ಹೋಟೆಲಿನ ಬಿಲ್ಲನ್ನು ಕುರಿತು ಈ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದರೆ, ಇದು ಪರರ ಮನೆಯ ವಿಚಾರವೆಂದು ನೀವು ಪುಟ ಮಗುಚಲಾರಿರೆಂದು ನಂಬಿದ್ದೇನೆ.

ಹೋಟೆಲೆಂದೊಡನೆ ನಮಗೆ ನೆನಪಾಗುವುದು ಇಡ್ಲಿ, ಸಾಂಬಾರು, ಕಾಫಿ. ಹೊರದೇಶಗಳಲ್ಲಿ ಅದೇ ಶಬ್ದಕ್ಕೆ, ಪ್ರವಾಸಿಯು ಬಾಡಿಗೆ ತೆತ್ತು ರಾತ್ರಿ ತಂಗುವ ಮನೆಯೆಂದು ಅರ್ಥ. ನಾವು ಅದನ್ನು ಲಾಡ್ಜು ಎನ್ನುತ್ತೇವೆ, ವಸತಿಗೃಹವೆನ್ನುತ್ತೇವೆ. ಇಲ್ಲಿ ಮುಖ್ಯವಾಗಿ ಹೇಳಬೇಕಾಗಿರುವುದು ಈ ಎರಡನೆಯ ಬಗೆಯ ಹೋಟೆಲಿನ ಮಾತು. ಅಲ್ಲಿ ಕೆಲವು ಕಾಲದಿಂದ ಒಂದು ವಿಚಿತ್ರ ಪದ್ಧತಿಯು ಬೇರು ಬಿಟ್ಟಿದೆ. ಕೋಣೆಗೆ ಒಂದು ಬಾಡಿಗೆಯನ್ನು ಸಾರುವುದು, ಹಣ ತೆಗೆದುಕೊಳ್ಳುವಾಗ ಬೇರೊಂದು ಮೊತ್ತವನ್ನು ಕೇಳುವುದು. ನಡುವಿನ ಅಂತರಕ್ಕೆ ಸೌಕರ್ಯ ಶುಲ್ಕ, ನಿರ್ವಹಣಾ ಶುಲ್ಕ, ಸ್ವಚ್ಛತಾ ಶುಲ್ಕ ಎಂದು ನಾಮಕರಣಗಳು. ಹೆಸರು ಯಾವುದಾದರೇನು, ಕೊಡದೆ ಕೋಣೆಯ ಬೀಗದ ಕೈ ಸಿಗುವುದಿಲ್ಲ.

ಈ ಪದ್ಧತಿಯನ್ನು ಅದರ ಪೂರ್ಣ ವೈಭವದಲ್ಲಿ ನೋಡಬೇಕೆನ್ನುವವರು ಅಮೆರಿಕೆಯ ಲಾಸ್ ವೇಗಸ್ ನಗರವನ್ನು ನೋಡಬೇಕು. ಅಲ್ಲಿಯ ದೊಡ್ಡ ಹೋಟೆಲುಗಳಲ್ಲಿ ಕೋಣೆಯ ಬಾಡಿಗೆಯಲ್ಲದೆ ರಾತ್ರಿಯೊಂದಕ್ಕೆ 40–50 ಡಾಲರುಗಳಷ್ಟು ‘ರಿಸಾರ್ಟ್ ಫೀ’ ಎಂಬುದೊಂದು ಬೇರೆಯಾಗಿ ಉಂಟು. ಈಜುಕೊಳ, ವ್ಯಾಯಾಮಶಾಲೆ, ಅಂತರ್ಜಾಲ ಸಂಪರ್ಕ ಮುಂತಾದುವುಗಳಿಗಾಗಿ ಎಂಬುದು ಅದರ ವಿವರಣೆ. ನೀವು ನೀರಿಗೆ ಕಾಲಿಡದಿದ್ದರೂ, ದಣಿದು ಬಂದು ಮಲಗಿ ಮುಂಜಾನೆಯೇ ಎದ್ದು ಹೊರಟುಹೋದರೂ ಆ ಹಣ ತೆರಲೇಬೇಕು. ಈಜುಕೊಳವೇ ಇಲ್ಲದ ನಗರದ ಹೋಟೆಲುಗಳಿಗೆ ಇದರಿಂದ ಅಡ್ಡಿಯೇನೂ ಆಗಲಿಲ್ಲ. ಅವು ಅದನ್ನೇ ‘ಡೆಸ್ಟಿನೇಷನ್ ಫೀ’ ಎಂದು ಕರೆದವು. ಎಂದರೆ ಆ ಊರಿಗೆ ಬಂದುದಕ್ಕೇ ಒಂದು ಶುಲ್ಕವೆಂದಾಯಿತು!

ಇದರಲ್ಲಿ ಮೋಸವೇನು, ಕೊನೆಗೆ ಹೇಳಿಯೇ ತೆಗೆದುಕೊಳ್ಳುತ್ತಾರಲ್ಲ, ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಏಳನೆಯ ತರಗತಿಯವರು ಮಾಡಬಲ್ಲ ಒಂದು ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ ಅಕ್ಕಪಕ್ಕದಲ್ಲಿ ಎರಡು ವಸತಿಗೃಹಗಳಿವೆ. ಮೊದಲನೆಯದು ಕೋಣೆಗೆ 4,000 ರೂಪಾಯಿಯೆಂದು ಸಾರಿ, ಕೊನೆಯಲ್ಲಿ 900 ರೂಪಾಯಿಗಳ ಸೌಕರ್ಯ ಶುಲ್ಕವನ್ನು ಸೇರಿಸುತ್ತದೆ, ಒಟ್ಟು 4,900. ಎರಡನೆಯದು 4,700 ಎಂದು ಸಾರಿ, ಅಷ್ಟನ್ನೇ ತೆಗೆದುಕೊಳ್ಳುತ್ತದೆ. ಈಗ ಪ್ರವಾಸಿಗಳು ಕೋಣೆಯನ್ನು ಹುಡುಕುವುದು ಮೊಬೈಲಿನಲ್ಲಿಯಷ್ಟೆ. ಅಲ್ಲಿ ಕಡಿಮೆ ದರದ ಹೋಟೆಲು ಮೇಲೆ ಬರುವಂತೆ ಪಟ್ಟಿ ಮಾಡಿದರೆ 4,000ದ್ದು ಮೇಲೆ, 4,700ರದ್ದು ಎಲ್ಲಿಯೋ ಕೆಳಗೆ. ಪ್ರವಾಸಿಯು ಮೇಲಿನದನ್ನು ಆರಿಸಿ, ಅಗ್ಗವಾಯಿತೆಂದು ಸಂತೋಷಪಟ್ಟು, 200 ರೂಪಾಯಿ ಹೆಚ್ಚಿಗೆ ತೆರುತ್ತಾನೆ. ಅವನ ನಷ್ಟ ಇನ್ನೂರು ರೂಪಾಯಿ ಮಾತ್ರ. ನಿಜವನ್ನು ನುಡಿದ ಎರಡನೆಯ ಮಾಲಿಕನ ನಷ್ಟವೋ, ಗಿರಾಕಿಯೇ! ಒಂದು ವರ್ಷ, ಎರಡು ವರ್ಷ ಅವನು ತಡೆದುಕೊಂಡಾನು. ಆಮೇಲೆ ಅವನೂ 3,800 ಎಂದು ಸಾರಿ 900ನ್ನು ಬಚ್ಚಿಡುವ ವಿದ್ಯೆಯನ್ನು ಕಲಿಯುತ್ತಾನೆ. ಬಳಿಕ ಆ ಬೀದಿಯಲ್ಲಿ ಸಾರಿದ ದರಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದು ಬರಿಯ ಕಲ್ಪನೆಯಲ್ಲ. ಲಾಸ್ ವೇಗಸ್‌ನ ಸೀಸರ್ಸ್ ಎಂಬ ದೊಡ್ಡ ಸಂಸ್ಥೆಯು, ತನ್ನ ಹೋಟೆಲುಗಳಲ್ಲಿ ರಿಸಾರ್ಟ್ ಫೀ ಇಲ್ಲವೆಂಬುದನ್ನೇ ಹೆಮ್ಮೆಯಿಂದ ಜಾಹೀರಾತು ಮಾಡುತ್ತಿದ್ದಿತು. 2013ರಲ್ಲಿ ಅದೂ ಆ ಶುಲ್ಕವನ್ನು ವಿಧಿಸಲಾರಂಭಿಸಿತು. ನನ್ನ ಅಭಿಪ್ರಾಯದಲ್ಲಿ ಈ ಪದ್ಧತಿಯ ದೊಡ್ಡ ಕೇಡು ಇದೇ. ಗಿರಾಕಿಯ ಕಿಸೆಗೆ ಆಗುವ ಹಾನಿಗಿಂತ, ನೇರವಾಗಿ ವ್ಯಾಪಾರ ಮಾಡಬೇಕೆನ್ನುವವನಿಗೆ ಅದು ಒಡ್ಡುವ ದುಸ್ಥಿತಿ ಹೆಚ್ಚಿನದು. ಪೂರ್ಣ ಬೆಲೆಯನ್ನು ಮೊದಲೇ ಹೇಳಬೇಕೆಂಬ ಕಾಯಿದೆಯು ಹೋಟೆಲಿನವರ ವಿರುದ್ಧ ಮಾಡಿದ್ದೆಂದು ಕೆಲವರು ಗೊಣಗುತ್ತಾರೆ. ಅದು ಒಳ್ಳೆಯ ಹೋಟೆಲಿನವನ ಬೆನ್ನಿಗೆ ನಿಲ್ಲುವ ಕಾಯಿದೆಯೆಂದು ನಾನು ತಿಳಿಯುತ್ತೇನೆ.

ಇನ್ನು ಬೆಲೆಯನ್ನು ಹೇಳುವ ಸಮಯದ ಮಾತು. ಕೆಲವು ವರ್ಷಗಳ ಹಿಂದೆ ತಾಯಿಯನ್ನು ಕರೆದುಕೊಂಡು ಕ್ಷೇತ್ರದರ್ಶನಕ್ಕೆಂದು ಹೋಗಿದ್ದೆ. ದೂರವಾಣಿಯಲ್ಲಿ ಕೋಣೆಗೆ 1,800 ರೂಪಾಯಿಯೆಂದು ಒಪ್ಪಿಕೊಂಡಿದ್ದ ಲಾಡ್ಜಿನವರು, ರಾತ್ರಿ ಹತ್ತು ಗಂಟೆಗೆ ನಾವು ಬಾಗಿಲಿಗೆ ಬಂದಾಗ ಜನರೇಟರಿನದು ಇಷ್ಟು, ಬಿಸಿನೀರಿನದು ಇಷ್ಟು ಎಂದು 2,350ಕ್ಕೆ ತಂದರು. ತಾಯಿ ಚೀಲದ ಮೇಲೆಯೇ ಕುಳಿತುಬಿಟ್ಟಿದ್ದಳು, ಹೊರಗೆ ಮಳೆ. ವಾದ ಮಾಡಿ ಬೇರೆ ಲಾಡ್ಜು ಹುಡುಕುವ ಸ್ವಾತಂತ್ರ್ಯವು ಕಾಗದದ ಮೇಲೆ ನನಗಿದ್ದಿತು, ಕಾಲುಗಳಲ್ಲಿ ಇರಲಿಲ್ಲ. ಹಣ ಕೊಟ್ಟೆ. ಅದೇ 2,350 ರೂಪಾಯಿಗಳನ್ನು ಅವರು ಮುಂಬಯಿಯಲ್ಲಿರುವಾಗಲೇ ಹೇಳಿದ್ದರೆ ಪ್ರಾಯಶಃ ಅದಕ್ಕೂ ಒಪ್ಪುತ್ತಿದ್ದೆ, ಒಲ್ಲೆನೆನ್ನುವುದಕ್ಕೂ ಶಕ್ತನಾಗಿರುತ್ತಿದ್ದೆ. ಪ್ರವಾಸಿಯು ಹಿಂದಿರುಗಲಾರದ ಹೊತ್ತನ್ನು ನೋಡಿ ಹೇಳಿದ ಬೆಲೆಯನ್ನು, ಹೇಳಿದ ಬೆಲೆಯೆಂದು ಹೇಗೆ ಒಪ್ಪುವುದು?

ಹೋಟೆಲಿನವರ ಪಕ್ಷದಲ್ಲಿ ಒಂದು ಮಾತಿದೆ. ಅದನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಎಲ್ಲರಿಗೂ ಎಲ್ಲ ಸೌಕರ್ಯಗಳೂ ಬೇಕಿಲ್ಲ, ಬೇಕಾದವರಿಂದ ಬೇರೆಯಾಗಿ ಹಣ ತೆಗೆದುಕೊಂಡರೆ ಬೇಡದವರಿಗೆ ಅಗ್ಗವಾಗುವುದು, ಎಂಬುದು ಅವರ ವಾದ. ಮಾತು ಒಪ್ಪತಕ್ಕದ್ದೇ. ಹೆಚ್ಚಿನ ಹಾಸಿಗೆಗೆ, ಬೆಳಗಿನ ಉಪಾಹಾರಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಬೇರೆ ದರವಿದ್ದರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ಆದರೆ ಬೇಡವೆಂದವನಿಂದಲೂ ಕಡ್ಡಾಯವಾಗಿ ತೆಗೆದುಕೊಳ್ಳುವ ಹಣಕ್ಕೆ ಈ ವಾದವು ಹೇಗೆ ಒಪ್ಪೀತು? ಕೊಡದೆ ಗತಿಯಿಲ್ಲದ ಹಣವೆಲ್ಲ ಕೋಣೆಯ ಬಾಡಿಗೆಯೇ.

ಅಮೆರಿಕೆಯ ಸರಕಾರವು ಈ ಸರಳ ಮಾತಿಗೆ ಬರಲು ಹನ್ನೆರಡು ವರ್ಷಗಳನ್ನು ತೆಗೆದುಕೊಂಡಿತು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಎಂಬ ಆಯೋಗವು 2012ರಲ್ಲಿ 22 ಹೋಟೆಲು ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರಗಳನ್ನು ಬರೆಯಿತು. ವಿಮಾನದ ಟಿಕೇಟುಗಳಿಗೆ ತೆರಿಗೆಯೂ ಸೇರಿದ ಪೂರ್ಣ ದರವನ್ನೇ ಸಾರಬೇಕೆಂಬ ನಿಯಮವು ಅದೇ ವರ್ಷ ಅಲ್ಲಿ ಜಾರಿಗೆ ಬಂದಿದ್ದಿತು. ಹೋಟೆಲಿಗೆ ಮಾತ್ರ ಪತ್ರವೇ ಸಾಕೆನಿಸಿತೋ ಏನೋ. 2017ರಲ್ಲಿ ಆಯೋಗದ ಅರ್ಥಶಾಸ್ತ್ರಜ್ಞೆಯೊಬ್ಬರು ವರದಿಯನ್ನು ಬರೆದು, ಕಡ್ಡಾಯ ಶುಲ್ಕವನ್ನು ಬಾಡಿಗೆಯಿಂದ ಬೇರ್ಪಡಿಸಿ ತೋರಿಸುವುದು ಗಿರಾಕಿಗಳಿಗೆ ಹಾನಿಕರವೆಂದು ತೋರಿಸಿಕೊಟ್ಟರು. 2019ರಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಅಟಾರ್ನಿ ಜನರಲರು ಮ್ಯಾರಿಯಟ್ ಸಂಸ್ಥೆಯ ಮೇಲೆಯೂ, ನೆಬ್ರಾಸ್ಕಾ ರಾಜ್ಯದವರು ಹಿಲ್ಟನ್ ಸಂಸ್ಥೆಯ ಮೇಲೆಯೂ ದಾವೆ ಹೂಡಿದರು. ಕೊನೆಗೆ 2024ರ ಡಿಸೆಂಬರಿನಲ್ಲಿ ಆಯೋಗವು ನಿಯಮವನ್ನೇ ಪ್ರಕಟಿಸಿತು. 2025ರ ಮೇ 12ರಿಂದ ಅದು ಜಾರಿಗೆ ಬಂದಿತು. ನಡುವೆ ಅಲ್ಲಿಯ ಅಧ್ಯಕ್ಷರೂ ಬದಲಾದರು, ಆಯೋಗದ ಮುಖ್ಯಸ್ಥರೂ ಬದಲಾದರು, ನಿಯಮವು ಉಳಿಯಿತು. ಹಿಂದಿನವರು ಮಾಡಿದ್ದನ್ನೆಲ್ಲ ಕೆಡವುವ ಉತ್ಸಾಹವಿರುವ ಕಾಲದಲ್ಲಿ ಇದು ಚಿಕ್ಕ ಮಾತಲ್ಲ.

ಆ ನಿಯಮವು ಹೇಳುವುದಿಷ್ಟೆ: ಹೋಟೆಲಿನ ಕೋಣೆಗಾಗಲಿ ನಾಟಕ, ಸಂಗೀತ, ಪಂದ್ಯಗಳ ಟಿಕೇಟಿಗಾಗಲಿ ದರವನ್ನು ಸಾರುವವರು, ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಒಟ್ಟು ಮೊತ್ತವನ್ನೇ ಎದ್ದು ಕಾಣುವಂತೆ ಸಾರಬೇಕು. ಶುಲ್ಕವನ್ನು ವಿಧಿಸಕೂಡದೆಂದು ಅದು ಹೇಳುವುದಿಲ್ಲ. ಇಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದೂ ಹೇಳುವುದಿಲ್ಲ. ಸರಕಾರದ ತೆರಿಗೆಯನ್ನು ಮೊದಲ ಮೊತ್ತದಿಂದ ಹೊರಗಿಡಲು ಅವಕಾಶ ಕೊಟ್ಟಿರುವುದು ಮಾತ್ರ ನನಗೆ ಕೊರತೆಯೆಂದು ತೋರುತ್ತದೆ. ಪ್ರವಾಸಿಯ ಕಿಸೆಗೆ ತೆರಿಗೆಯೂ ಒಂದೇ, ಶುಲ್ಕವೂ ಒಂದೇ.

ನಮ್ಮ ದೇಶದಲ್ಲಿ ಏನು ನಡೆದಿದೆಯೆಂಬುದನ್ನು ನೋಡಿದರೆ ತಲೆ ತಗ್ಗಿಸಬೇಕಾಗಿಲ್ಲ. 1867ರಷ್ಟು ಹಿಂದೆಯೇ ಸರಾಯಿಗಳ ಕಾಯಿದೆಯೆಂಬುದೊಂದು ಆಗಿದ್ದಿತು. ತಂಗುದಾಣದ ದರಪಟ್ಟಿಯನ್ನು, ಜಿಲ್ಲಾ ಮ್ಯಾಜಿಸ್ಟ್ರೇಟರು ಗೊತ್ತುಪಡಿಸಿದ ಸ್ಥಳದಲ್ಲಿ ಮತ್ತು ಭಾಷೆಗಳಲ್ಲಿ ತೂಗಹಾಕುವುದು ಸರಾಯಿ ನಡೆಸುವವನ ಕರ್ತವ್ಯವೆಂದು ಅದು ವಿಧಿಸಿತು. ಮೊಬೈಲಿನ ಕಾಲಕ್ಕೆ ಬಂದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಅಂತರ್ಜಾಲದ ವ್ಯಾಪಾರದಲ್ಲಿ ನಡೆಯುವ 13 ಬಗೆಯ ಕುಯುಕ್ತಿಗಳನ್ನು ಹೆಸರಿಸಿ ನಿಷೇಧಿಸಿತು. ಅವುಗಳಲ್ಲೊಂದು ‘ಡ್ರಿಪ್ ಪ್ರೈಸಿಂಗ್’. ಸೋರುವ ನಲ್ಲಿಯಂತೆ ಬೆಲೆಯನ್ನು ತೊಟ್ಟುತೊಟ್ಟಾಗಿ ಹೊರಬಿಡುವುದು ಎಂದು ಅದರ ಭಾವ. ನಮ್ಮ ಲಾಡ್ಜಿನವರ ಜನರೇಟರಿಗೂ ಬಿಸಿನೀರಿಗೂ ಇದಕ್ಕಿಂತ ತಕ್ಕ ಹೆಸರು ದೊರೆಯದು.

ಊಟದ ಹೋಟೆಲುಗಳಿಗೂ ಈ ಗಾಳಿ ಬೀಸಿದೆ. ಬಿಲ್ಲಿನ ಕೆಳಗೆ ಸರ್ವಿಸ್ ಚಾರ್ಜ್ ಎಂದು ತಾವಾಗಿಯೇ ಸೇರಿಸಕೂಡದೆಂದು ಅದೇ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿಯನ್ನು ಹೊರಡಿಸಿತು. ಹೋಟೆಲು ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಉಚ್ಚ ನ್ಯಾಯಾಲಯವು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಇಲ್ಲಿ ನಿಮ್ಮಲ್ಲಿ ಕೆಲವರ ಮನೆಯ ಪ್ರಶ್ನೆಯೇ ಬಂದಿತು. ಆ ಹಣವು ಬಡಿಸುವವರಿಗೆ ಸೇರುವುದು, ಅದನ್ನು ನಿಲ್ಲಿಸಿದರೆ ಬಡವನ ಹೊಟ್ಟೆಯ ಮೇಲೆ ಹೊಡೆದಂತೆ, ಎಂದು ಮಾಲಿಕರ ಪಕ್ಷದವರು ಹೇಳಿದರು. ಅಪ್ಪ ಮೇಜಿನಿಂದ ಮೇಜಿಗೆ ಓಡಾಡುವ ಮನೆಯ ಹುಡುಗನಿಗೆ ಇದು ಕೇಳಿದೊಡನೆ ನಾಟುವ ಮಾತು. ಆದರೆ ಅಪ್ಪನ ಸಂಬಳವು ಗಿರಾಕಿಗೆ ಕಾಣದಂತೆ ಬಿಲ್ಲಿನ ತಳದಲ್ಲಿ ಏಕೆ ಅಡಗಿರಬೇಕು? ಅಕ್ಕಿಯ ಬೆಲೆ, ಗ್ಯಾಸಿನ ಬೆಲೆ, ಅಂಗಡಿಯ ಬಾಡಿಗೆ ಎಲ್ಲವೂ ದೋಸೆಯ ಬೆಲೆಯಲ್ಲಿ ಸೇರಿಲ್ಲವೆ? ದುಡಿಯುವವನ ಕೂಲಿಯೂ ಅಲ್ಲಿಯೇ ಸೇರಲಿ. ದೋಸೆಗೆ ಐದು ರೂಪಾಯಿ ಹೆಚ್ಚಾಗಲಿ, ಹಲಗೆಯ ಮೇಲೆ ಬರೆಯಲಿ, ತಿಂಗಳ ಕೊನೆಗೆ ಸಂಬಳವಾಗಿ ಕೈಗೆ ಬರಲಿ.

ಹಲಗೆಯೆಂದಾಗ ಒಂದು ಮಾತು. ನಮ್ಮವರು ಈ ನಗರದಲ್ಲಿ ನಡೆಸಿಕೊಂಡು ಬಂದ ಉಡುಪಿ ಹೋಟೆಲುಗಳ ಗೋಡೆಯ ಮೇಲೆ, ಗಲ್ಲಾದ ಹಿಂದೆ, ತಿಂಡಿಯ ಹೆಸರೂ ಬೆಲೆಯೂ ಬರೆದ ಹಲಗೆಯೊಂದು ಇರುತ್ತಿದ್ದಿತು. ಹಲವೆಡೆ ಈಗಲೂ ಇದೆ. ಊಟದ ಬೋರ್ಡಿಂಗುಗಳಲ್ಲಿ ಮೊದಲು ಹಣ ಕೊಟ್ಟು ಟಿಕೇಟು ಪಡೆದು, ಆಮೇಲೆ ಎಲೆಯ ಮುಂದೆ ಕುಳಿತುಕೊಳ್ಳುವ ರೂಢಿಯೂ ಉಂಟು. ಗಿರಣಿಯ ಕಾರ್ಮಿಕನು ಕಿಸೆಯ ಚಿಲ್ಲರೆಯನ್ನು ಬಾಗಿಲಲ್ಲಿಯೇ ಎಣಿಸಿಕೊಂಡು, ಹಲಗೆಯನ್ನು ಓದಿ, ಇಡ್ಲಿಯೋ ಬರಿಯ ಚಹವೋ ಎಂಬುದನ್ನು ನಿರ್ಧರಿಸಿ ಒಳಗೆ ಬರಬಹುದಾಗಿದ್ದಿತು. ಬಿಲ್ಲು ಬಂದಾಗ ಅವನ ಮುಖ ಬಾಡುವ ಸಂದರ್ಭವಿರಲಿಲ್ಲ. ಈ ಹೋಟೆಲುಗಳಿಗೆ ಹೆಸರು ಬಂದದ್ದು ರುಚಿಯಿಂದ, ಶುಚಿಯಿಂದ ಎನ್ನುವವರು ಈ ಹಲಗೆಯನ್ನು ಮರೆಯುತ್ತಾರೆ.

ಮೇ ತಿಂಗಳ ರಜೆಯಲ್ಲಿ ನಿಮ್ಮಲ್ಲಿ ಅನೇಕರು ಊರಿಗೆ ಹೋಗುವಿರಿ. ದಾರಿಯಲ್ಲಿ ಗೋಕರ್ಣ, ಕೊಲ್ಲೂರು, ಉಡುಪಿಗಳಲ್ಲಿ ಕೆಲವರು ತಂಗಲೂಬಹುದು. ಮನೆಯಲ್ಲಿ ಮೊಬೈಲಿನ ಪಟ್ಟಿಯನ್ನು ನೋಡಿ ಕೋಣೆಯನ್ನು ಗೊತ್ತುಮಾಡುವ ಕೆಲಸ ಈಗ ನಿಮ್ಮ ಪಾಲಿಗೇ ಬರುತ್ತದೆಯೆಂದು ಬಲ್ಲೆ. ಮೊದಲ ಪುಟದಲ್ಲಿ ಕಂಡ ದರದ ಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ; ಹಣ ಕಳುಹಿಸುವ ಪುಟದ ಮೊತ್ತವನ್ನು ಅದರ ಪಕ್ಕದಲ್ಲಿಟ್ಟು ಕಳೆಯಿರಿ. ಉಳಿಕೆಯಲ್ಲಿ ತೆರಿಗೆಯೆಷ್ಟು ಎಂಬುದನ್ನು ನೀವೇ ಹೇಳಬಲ್ಲಿರಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೋಣೆಗೆ ಸರಕು ಮತ್ತು ಸೇವಾ ತೆರಿಗೆಯು ನೂರಕ್ಕೆ 5. ಅದಕ್ಕಿಂತ ಹೆಚ್ಚಿನದೇನಾದರೂ ಕಂಡರೆ ದೂರವಾಣಿ ಮಾಡಿ, ಎಲ್ಲ ಸೇರಿ ಎಷ್ಟು, ಎಂದು ಕೇಳಿರಿ. ಉತ್ತರವನ್ನು ಬರೆದು ಕಳುಹಿಸಿರೆನ್ನಿರಿ. ಬಾಗಿಲಲ್ಲಿ ಮಾತು ಬದಲಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮತ್ತು ನಿಮ್ಮ ಮಾವನೋ ಚಿಕ್ಕಪ್ಪನೋ ಅಲ್ಲಿ ಲಾಡ್ಜು ನಡೆಸುತ್ತಿದ್ದರೆ, ಗಲ್ಲಾದ ಹಿಂದೆ ಹಲಗೆ ಇದೆಯೋ ಇಲ್ಲವೋ ನೋಡಿಕೊಂಡು ಬನ್ನಿರಿ. ಇಲ್ಲದಿದ್ದರೆ ಬರೆದುಕೊಡಲು ನಿಮ್ಮ ಕನ್ನಡ ಅಕ್ಷರಗಳು ಸಾಕಷ್ಟು ದುಂಡಗಿವೆ.