ಭಯವೂ ಒಂದು ರಸವೇ

ಭರತಮುನಿಯು ರಸಗಳನ್ನು ಎಣಿಸುವಾಗ ಭಯಾನಕಕ್ಕೂ ಸ್ಥಾನವಿತ್ತಿರುವನು. ಆದುದರಿಂದ ರೋಮಾಂಚಕ ಚಲನಚಿತ್ರಗಳನ್ನು ಕೀಳೆಂದು ತಳ್ಳಿಹಾಕುವುದು ಉಚಿತವಲ್ಲ. ಅವು ಭಯವನ್ನು ಯಾವ ಬಗೆಯಿಂದ ಹುಟ್ಟಿಸುತ್ತವೆ ಎಂದು ವಿಚಾರಿಸುವುದೇ ಲೇಸು.

ಇಂಥ ಚಿತ್ರಗಳ ಸಲಕರಣೆಗಳು ಸರ್ವಪರಿಚಿತ. ಮಬ್ಬು ಬೆಳಕು, ಗೋಡೆಯ ಮೇಲಿನ ನೀಳ ನೆರಳು, ಮಳೆಯ ರಾತ್ರಿ, ಕಿರುಗುಟ್ಟುವ ಬಾಗಿಲು, ಓರೆಯಾಗಿಟ್ಟ ಕ್ಯಾಮರಾ, ಒಮ್ಮೆಲೆ ನಿಲ್ಲುವ ಸಂಗೀತ. ಗೋಕಾಕ ಜಲಪಾತದ ತೂಗುಸೇತುವೆಯನ್ನಾಗಲಿ, ಹುಕ್ಕೇರಿಯ ಹಳೆಯ ಗುಮ್ಮಟಗಳನ್ನಾಗಲಿ ನಸುಗತ್ತಲೆಯಲ್ಲಿ ಕೆಳಗಿನಿಂದ ಚಿತ್ರಿಸಿದರೆ ನಿತ್ಯ ಕಂಡವರೂ ಬೆಚ್ಚುವರು. ಭಯವು ಕಲ್ಲಿನಲ್ಲಿಲ್ಲ, ನೋಟದ ಕೋನದಲ್ಲಿದೆ.

ಆದರೆ ಸಲಕರಣೆಯೇ ಕಲೆಯಲ್ಲ. ಮೇಜಿನ ಕೆಳಗೆ ಬಾಂಬಿರುವುದು ಪ್ರೇಕ್ಷಕನಿಗೆ ತಿಳಿದಿದ್ದು, ಅಲ್ಲಿ ಕುಳಿತವರಿಗೆ ತಿಳಿಯದಿದ್ದಾಗಲೇ ನಿಜವಾದ ಕಾತರವುಂಟಾಗುವುದೆಂದು ಹಿಚ್‌ಕಾಕ್ ವಿವರಿಸಿದ್ದನು. ಮೂಡಲಗಿ ಸೀಮೆಗೆ ಈ ಮರ್ಮ ಹೊಸದಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆರೆತ ಶ್ರೀಕೃಷ್ಣ ಪಾರಿಜಾತದಲ್ಲಿ ನಾರದನ ಹೂಟ ನೆರೆದ ಜನಕ್ಕೆಲ್ಲ ಗೊತ್ತು, ಸತ್ಯಭಾಮೆಗೆ ಗೊತ್ತಿಲ್ಲ. ಅದಕ್ಕಾಗಿಯೇ ಜನ ಕದಲದೆ ಕೂಡುವರು.

ಕನ್ನಡದಲ್ಲಿ 1968ರ ‘ಜೇಡರ ಬಲೆ’ ಗೂಢಚಾರನನ್ನು ತೆರೆಗೆ ತಂದಿತು. 1978ರಲ್ಲಿ ಕಾಶೀನಾಥರ ‘ಅಪರಿಚಿತ’ ಬಂದಿತು. ಸುನೀಲ್‌ಕುಮಾರ ದೇಸಾಯಿಯವರ ‘ತರ್ಕ’ (1989) ಹಾಡುಗಳ ಆಸರೆಯಿಲ್ಲದೆ ಪ್ರೇಕ್ಷಕರನ್ನು ಹಿಡಿದಿಟ್ಟಿತು. ಅವರದೇ ‘ನಿಷ್ಕರ್ಷ’ (1993) ಬ್ಯಾಂಕಿನ ದರೋಡೆಯೊಂದನ್ನೇ ಕಥೆಯಾಗಿಸಿ ಗೆದ್ದಿತು. ಇಲ್ಲಿ ದುಡಿದುದು ಕತ್ತಲೆಯಲ್ಲ, ಕಥೆಯ ಕಟ್ಟು.

ದೋಷವಿರುವುದು ಬೇರೆಡೆ. ದುಷ್ಟನನ್ನು ಗುರುತಿಸಲು ಮುಖಕ್ಕೊಂದು ಗಾಯದ ಕಲೆ, ಕಾಲಿಗೊಂದು ಕುಂಟು ಕೊಡುವ ಸೋಮಾರಿತನವುಂಟು. 1960ರ ‘ಸೈಕೋ’ ಚಿತ್ರದ ತರುವಾಯ ಮನೋರೋಗಿಯೇ ಕೊಲೆಗಾರನೆಂಬ ರೂಢಿಯೂ ಬಲಿಯಿತು. ವಸ್ತುಸ್ಥಿತಿಯಲ್ಲಿ ಮನೋರೋಗಿಗಳಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ತೆರೆಯ ಮೇಲಿನ ಭಯ ಆಟ ಮುಗಿದೊಡನೆ ಅಳಿಯುವುದು. ಆದರೆ ಓಣಿಯ ಕುಂಟನನ್ನು, ನೆರೆಮನೆಯ ರೋಗಿಯನ್ನು ಶಂಕಿಸುವ ಕಣ್ಣು ಬಾಲಕನಲ್ಲಿ ಉಳಿದುಬಿಡುವುದು.

ಚಿತ್ರ ನೋಡಬೇಡಿರೆಂಬ ನಿಷೇಧಕ್ಕೆ ಫಲವಿಲ್ಲ. ಈಗ ತೆರೆಯು ಅಂಗೈಯಲ್ಲಿಯೇ ಇದೆ. ಶಿಕ್ಷಕರು ಕಾವ್ಯದ ಅಲಂಕಾರವನ್ನು ಬಿಡಿಸಿ ತೋರಿಸುವಂತೆ ಚಿತ್ರದ ನೆರಳನ್ನೂ ಬಿಡಿಸಿ ತೋರಿಸಲಿ. “ನಿನ್ನನ್ನು ಹೆದರಿಸಿದವನು ಮಾಡಿದ ಕೃತ್ಯವೇ, ಅವನ ಮುಖವೇ?” ಎಂಬ ಒಂದೇ ಪ್ರಶ್ನೆಯನ್ನು ವಿದ್ಯಾರ್ಥಿಯು ತನಗೆ ತಾನೇ ಕೇಳಿಕೊಳ್ಳಲು ಕಲಿತರೆ, ಆ ವಿದ್ಯೆ ಸಾರ್ಥಕ.