ಅರಳು ಮರಳು ಅಂತ ಕೈಬಿಡಬೇಡಿ

ಸ್ವಲ್ಪ ಉದ್ದದ ಬರಹ. ಮನೆಯಲ್ಲಿ ವಯಸ್ಸಾದವರು ಇರೋರು, ಅದರಲ್ಲೂ ಪಾರ್ಕಿನ್ಸನ್ ಕಾಯಿಲೆಯವರು ಇರೋರು ದಯವಿಟ್ಟು ಪೂರ್ತಿ ಓದಿ.

ಅರವತ್ತಕ್ಕೆ ಅರಳು ಮರಳು ಅಂತ ಗಾದೆ ಇದೆಯಲ್ಲ, ಆ ಗಾದೆ ನಮ್ಮ ಕೇರಿಗಳಲ್ಲಿ ಜೀವ ತೆಗೀತಿದೆ. ಮೊನ್ನೆವರೆಗೂ ಮೊಮ್ಮಕ್ಕಳನ್ನೆಲ್ಲ ಹೆಸರಿಡಿದು ಕರೀತಿದ್ದ ಅಜ್ಜಿ ಇವತ್ತು ಮಗಳನ್ನೇ "ಯಾರಮ್ಮ ನೀನು" ಅಂತ ಕೇಳ್ತಾಳೆ. ಗೋಡೆ ಮೇಲೆ ಹುಳ ಹರೀತಿದೆ ಅಂತಾಳೆ. ರಾತ್ರಿಯೆಲ್ಲ ಎದ್ದು ಕೂರ್ತಾಳೆ, ಹಗಲು ತೂಗಡಿಸ್ತಾಳೆ. ಮನೆಯವರು ವಯಸ್ಸಾಯ್ತು ಬಿಡು ಅಂತಾರೆ. ಪಕ್ಕದವರು ಗಾಳಿ ಸೋಕಿದೆ, ಅಂತ್ರ ಕಟ್ಟಿಸಿ ಅಂತಾರೆ. ಆಸ್ಪತ್ರೆಯಲ್ಲಿ "ಪಾರ್ಕಿನ್ಸನ್ ಅಲ್ವಾ, ಹಿಂಗೇ ಆಗೋದು" ಅಂತ ಕಳಿಸ್ತಾರೆ. ಮೂವರ ಮಾತಿನ ಅರ್ಥವೂ ಒಂದೇ: ಏನೂ ಮಾಡೋಕಾಗಲ್ಲ. ಇದು ಸುಳ್ಳು. ಮಾಡೋದು ಬಹಳ ಇದೆ, ಆದರೆ ತಕ್ಷಣ ಮಾಡಬೇಕು.

ಪಾರ್ಕಿನ್ಸನ್ ನಿಧಾನದ ಕಾಯಿಲೆ. ಕೈ ನಡುಕ, ಮೈ ಬಿಗಿತ, ಹೆಜ್ಜೆ ಚಿಕ್ಕದಾಗೋದು, ಎಲ್ಲ ವರ್ಷಗಟ್ಟಲೆ ಬರುತ್ತೆ. ಅದರ ಜೊತೆಗೆ ಬರೋ ಮರೆವೂ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬರುತ್ತೆ. ಒಂದೆರಡು ದಿನದಲ್ಲೇ ಮನುಷ್ಯ ದಿಕ್ಕೆಟ್ಟರೆ, ಬೆಳಿಗ್ಗೆ ಸರಿ ಇದ್ದು ಸಂಜೆಗೆ ಬಡಬಡಿಸಿದರೆ, ಅದು ಬೇರೆ. ಡಾಕ್ಟರುಗಳು ಡೆಲಿರಿಯಂ ಅಂತಾರೆ. ನಮ್ಮ ಅಜ್ಜಿಯರು ಸನ್ನಿ ಅಂತಿದ್ರು. ಗಲಾಟೆ ಮಾಡೋರಿಗೆ ಮಾತ್ರ ಸನ್ನಿ ಅಂದ್ಕೋಬೇಡಿ. ಮಾತಿಲ್ಲದೆ ಮಂಕಾಗಿ ಬಿದ್ದಿರೋದೂ ಸನ್ನಿಯೇ.

ಇದರ ಹಿಂದೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತೆ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಕಮ್ಮಿ ಆಗಿರೋದು, ದಿನಗಟ್ಟಲೆ ಮಲಬದ್ಧತೆ, ಸೋಡಿಯಂ ಅಥವಾ ಸಕ್ಕರೆ ಏರುಪೇರು, ಬಿದ್ದು ತಲೆಗೆ ಪೆಟ್ಟು, ಹೊಸ ಮಾತ್ರೆ, ಬಿಟ್ಟ ಮಾತ್ರೆ. ವಯಸ್ಸಾದವರಿಗೆ ಸೋಂಕಾದರೂ ಎಷ್ಟೋ ಸಲ ಜ್ವರವೇ ಬರಲ್ಲ. ಬುದ್ಧಿ ಕದಡಿರೋದೇ ಮೊದಲ ಸೂಚನೆ.

ಈಗ ಕೇಳಿ, ನೀರು ಯಾಕೆ ಕಮ್ಮಿ ಆಗುತ್ತೆ? ನಮ್ಮ ದೊಡ್ಡಮ್ಮನಿಗೆ ಪಾರ್ಕಿನ್ಸನ್ ಬಂದು ಏಳು ವರ್ಷ. ಸಂಜೆ ಆರಾದ ಮೇಲೆ ಒಂದು ಗುಟುಕು ನೀರು ಕುಡೀತಿರಲಿಲ್ಲ. ಶೌಚಾಲಯ ಮನೆ ಹಿಂದೆ, ಮೂರು ಮೆಟ್ಟಿಲು ಇಳಿದು ಕತ್ತಲಲ್ಲಿ ಹೋಗಬೇಕು. ಕಾಲು ಅಂಟಿಕೊಂಡು ಹೆಜ್ಜೆ ಏಳದೇ ಇರೋ ಕಾಯಿಲೆ ಅದು. ಸೊಸೆಯನ್ನ ಎಬ್ಬಿಸೋಕೆ ಸಂಕೋಚ. ನೀರೇ ಬಿಟ್ಟರು. ಸರ್ಕಾರದ ಲೆಕ್ಕದಲ್ಲಿ ನಮ್ಮ ಮನೆಗೆ ಶೌಚಾಲಯ ಇದೆ. ಪಾರ್ಕಿನ್ಸನ್ ಇರೋ ಹೆಂಗಸಿನ ಲೆಕ್ಕದಲ್ಲಿ ಇಲ್ಲ. ಹಿಂಗೆ ಶುರುವಾದ ಸೋಂಕನ್ನ ನಾವು ಮುದಿತನ ಅಂತ ಕರೀತೀವಿ.

ಸನ್ನಿ ಹಿಡಿದಾಗ ಮೊದಲು ಕರ್ಕೊಂಡು ಹೋದ ಕಡೆ, ಹೆಸರು ಬೇಡ, ಯಾವ ಕಾಲೋನಿ ಅಂತ ಕೇಳಿದರು. ಯಾವ ಮಾತ್ರೆ ತಗೋತಾರೆ ಅಂತ ಕೇಳಲಿಲ್ಲ. ಗಲಾಟೆ ಮಾಡ್ತಾರೆ ಅಂತ ಮಂಚಕ್ಕೆ ಕೈ ಕಟ್ಟಿ ಒಂದು ಇಂಜೆಕ್ಷನ್ ಹಾಕಿದರು. ಮಾರನೇ ದಿನ ದೊಡ್ಡಮ್ಮ ಮರದ ಕೊರಡು. ಇನ್ನೊಂದು ಕಡೆ ಮೂತ್ರ ಪರೀಕ್ಷೆ ಮಾಡಿದ ಮೇಲೆ ಸೋಂಕು ಗೊತ್ತಾಯ್ತು. ಆಂಟಿಬಯಾಟಿಕ್, ಡ್ರಿಪ್, ಹೊತ್ತು ಹೊತ್ತಿಗೆ ಪಾರ್ಕಿನ್ಸನ್ ಮಾತ್ರೆ. ಹತ್ತು ದಿನಕ್ಕೆ ನನ್ನ ಹೆಸರಿಡಿದು ಬೈದರು.

ಅದಕ್ಕೇ ಈ ನಾಲ್ಕು ಮಾತು ಚೀಟಿಯಲ್ಲಿ ಬರೆದು ರೇಷನ್ ಕಾರ್ಡ್ ಜೊತೆ ಇಟ್ಕೊಳ್ಳಿ.

ಒಂದು, ಹ್ಯಾಲೊಪೆರಿಡಾಲ್ ಇಂಜೆಕ್ಷನ್, ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡೋ ಪ್ರೊಕ್ಲೋರ್‌ಪೆರಜೈನ್, ಇವು ಪಾರ್ಕಿನ್ಸನ್ ಇರೋರ ಬಿಗಿತವನ್ನ ಜಾಸ್ತಿ ಮಾಡ್ತವೆ. "ಇವರಿಗೆ ಪಾರ್ಕಿನ್ಸನ್ ಇದೆ, ಈ ಔಷಧಿ ಬೇಡ, ಬೇರೆ ಕೊಡಿ" ಅಂತ ಬಾಯಿಬಿಟ್ಟು ಹೇಳಿ.

ಎರಡು, ಲೆವೊಡೋಪಾ ಮಾತ್ರೆಯನ್ನ ನೀವಾಗಿ ಇದ್ದಕ್ಕಿದ್ದಂಗೆ ನಿಲ್ಲಿಸಬೇಡಿ. ಜೀವಕ್ಕೇ ಅಪಾಯ. ವಾರ್ಡಿನಲ್ಲೂ ಅದು ಮನೆಯ ಹೊತ್ತಿಗೇ ಬೀಳಬೇಕು. ನುಂಗೋಕೆ ಆಗದಿದ್ದರೆ ಬಲವಂತ ಮಾಡದೆ ಕೂಡಲೇ ಡಾಕ್ಟರಿಗೆ ಹೇಳಿ.

ಮೂರು, ನಡುಕಕ್ಕೆ ಕೊಡೋ ಟ್ರೈಹೆಕ್ಸಿಫೆನಿಡಿಲ್, ನಿದ್ದೆ ಮಾತ್ರೆ, ಇವೇ ವಯಸ್ಸಾದವರ ಬುದ್ಧಿ ಕದಡಬಹುದು. ಮನೆಯಲ್ಲಿರೋ ಎಲ್ಲ ಮಾತ್ರೆಗಳನ್ನ ಒಂದು ಚೀಲಕ್ಕೆ ಹಾಕ್ಕೊಂಡೇ ಹೋಗಿ. ಯಾವುದು ಬಿಡಬೇಕು, ಹೆಂಗೆ ಬಿಡಬೇಕು ಅನ್ನೋದನ್ನ ಡಾಕ್ಟರು ಹೇಳಲಿ.

ನಾಲ್ಕು, ಕೈಕಾಲು ಕಟ್ಟೋದಕ್ಕೆ ಒಪ್ಪಬೇಡಿ. ಗುರುತಿನ ಮುಖ ಪಕ್ಕದಲ್ಲಿರಲಿ, ಕನ್ನಡಕ ಹಾಕಿ, ಹಗಲು ಬೆಳಕಿರಲಿ, ರಾತ್ರಿ ಸದ್ದು ಬೇಡ.

ಪಕ್ಕದಲ್ಲಿ ಒಬ್ಬರು ಇರಲಿ ಅಂತ ಸುಲಭವಾಗಿ ಬರೆದೆ. ಆ ಒಬ್ಬರು ಯಾರು? ಸೊಸೆ, ಇಲ್ಲ ಮಗಳು. ಹೂವಿನ ತೋಟದ ಕೂಲಿ, ಶಿಡ್ಲಘಟ್ಟದ ರೇಷ್ಮೆ ಬಿಚ್ಚೋ ಕೆಲಸ ಬಿಟ್ಟು ಕೂತವಳು. ದಿನದ ಸಂಬಳ ಹೋಯ್ತು, ನಿದ್ದೆ ಹೋಯ್ತು. ಬೆಂಗಳೂರಲ್ಲಿರೋ ಗಂಡುಮಕ್ಕಳು ಫೋನಲ್ಲೇ ತೀರ್ಮಾನ ಮಾಡ್ತಾರೆ: ಮನೆಗೆ ಕರ್ಕೊಂಡು ಬನ್ನಿ, ಸಾಕು ಖರ್ಚು. ಏನಾದರೂ ಆದರೆ ಬೈಗುಳ ಮಾತ್ರ ಆರೈಕೆ ಮಾಡಿದವಳಿಗೆ. ನಮ್ಮ ಚಳವಳಿಯ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಸಕ್ಕರೆ ಕಾಯಿಲೆಯಿಂದ ಬಳಲ್ತಿದ್ದ ಬಾಬಾಸಾಹೇಬರನ್ನ 1948ರಿಂದ ಕೊನೇವರೆಗೂ ನೋಡ್ಕೊಂಡವರು ಸವಿತಾ ಅಂಬೇಡ್ಕರ್, ಸ್ವತಃ ಡಾಕ್ಟರು. 1956ರಲ್ಲಿ ಬಾಬಾಸಾಹೇಬರು ತೀರಿಕೊಂಡಾಗ ಅನುಯಾಯಿಗಳಲ್ಲೇ ಕೆಲವರು ಅನುಮಾನ ಪಟ್ಟಿದ್ದು ಅವರ ಮೇಲೆ. ಆರೈಕೆ ಮಾಡೋರನ್ನ ಅನುಮಾನಿಸೋದನ್ನ ನಾವಾದರೂ ಬಿಡಬೇಕು. ನನ್ನ ಪ್ರಕಾರ ಯಾರು ರಾತ್ರಿ ಎದ್ದು ಕೂರ್ತಾರೋ ಅವರಿಗೆ ತೀರ್ಮಾನದಲ್ಲಿ ಮೊದಲ ಮಾತು. ಸರದಿ ಹಾಕ್ಕೊಳ್ಳಿ. ಬರೋಕಾಗದ ಗಂಡುಮಕ್ಕಳು ಅವಳ ಕೂಲಿ ಕಟ್ಟಿಕೊಡಲಿ. ಅಜ್ಜಿ ತಿಳಿಯಾಗಿದ್ದಾಗ ಅಜ್ಜಿಯನ್ನೂ ಕೇಳಿ, ಎಲ್ಲಿರ್ತೀಯಾ, ಯಾರು ನೋಡ್ಕೋಬೇಕು ಅಂತ.

ಇನ್ನೊಂದು ತೀರ್ಮಾನ ಇದೆ, ಅದರ ಬಗ್ಗೆ ಯಾರೂ ಜೋರಾಗಿ ಮಾತಾಡಲ್ಲ. ಹೆಬ್ಬೆಟ್ಟು. ನಮ್ಮ ಜಂಗಮಕೋಟೆ ಹೋಬಳಿಯಲ್ಲಿ ಕೆಐಎಡಿಬಿ 2,800ಕ್ಕೂ ಹೆಚ್ಚು ಎಕರೆಗೆ ಕೈ ಹಾಕಿದ ಮೇಲೆ ಮಣ್ಣಿನ ಬೆಲೆ ಎಲ್ಲರಿಗೂ ಗೊತ್ತು. ಮಂಜೂರಾದ ಎರಡು ಎಕರೆ ಮುದುಕರ ಹೆಸರಲ್ಲೇ ಇರುತ್ತೆ. ಸನ್ನಿ ಹಿಡಿದ ಕೈ ಹಿಡಿದು ಇಂಕ್ ಹಚ್ಚೋದು ಎಷ್ಟು ಹೊತ್ತಿನ ಕೆಲಸ? ನೆನಪಿರಲಿ, 1872ರ ಕರಾರು ಕಾಯ್ದೆಯ 12ನೇ ಸೆಕ್ಷನ್ನಿನ ಉದಾಹರಣೆಯಲ್ಲೇ ಇದೆ: ಜ್ವರದಿಂದ ಸನ್ನಿ ಹಿಡಿದವರು, ಆ ಸ್ಥಿತಿ ಇರೋತನಕ, ಕರಾರು ಮಾಡ್ಕೊಳ್ಳೋಕೆ ಆಗಲ್ಲ. ಮಂಜೂರಾತಿ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆಯ ಕಾವಲು ಬೇರೆ ಇದೆ. ಹುಷಾರಾಗೋವರೆಗೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೇಡ. ಮಕ್ಕಳು ತಂದ ಕಾಗದ ಆದ್ರೂ ಬೇಡ.

ಸರ್ಕಾರದ ಹತ್ತಿರ ಕೇಳೋಕೆ ನಮಗೆ ಆಧಾರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ, ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. 2024-25ರ ರಾಜ್ಯ ಬಜೆಟ್ಟಿನಲ್ಲಿ ಪಾರ್ಕಿನ್ಸನ್ ಸೇರಿ ನಾಲ್ಕು ಕಾಯಿಲೆಗಳವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಣೆ ಆಗಿದೆ. ಸಾವಿರ ರೂಪಾಯಿ ಎರಡು ಮೂರು ದಿನದ ಕೂಲಿ, ಸಾಲಲ್ಲ. ಆದರೆ ಆರೈಕೆಯೂ ಒಂದು ಕೆಲಸ ಅಂತ ಸರ್ಕಾರ ಒಪ್ಪಿಕೊಂಡಂಗಾಯ್ತು. ಅದನ್ನ ಹಿಡಿದು ಜಗ್ಗೋಣ. ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುವಾದ ಮೆದುಳು ಆರೋಗ್ಯ ಯೋಜನೆ ಮೊದಲು ಕಾಲಿಟ್ಟ ಕಡೆಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಯೂ ಒಂದು. ಅದು ಜಿಲ್ಲಾ ಕೇಂದ್ರದಲ್ಲೇ ನಿಲ್ಲಬಾರದು. ಹೋಬಳಿ ಆಸ್ಪತ್ರೆಯಲ್ಲಿ ಮೂತ್ರ, ಸೋಡಿಯಂ, ಸಕ್ಕರೆ ಪರೀಕ್ಷೆ ಅದೇ ದಿನ ಆಗಬೇಕು. ಲೆವೊಡೋಪಾ ಮಾತ್ರೆ ಉಚಿತವಾಗಿ ಸಿಗಬೇಕು. ಆಶಾ ಕಾರ್ಯಕರ್ತೆಯರಿಗೆ ಸನ್ನಿ ಗುರುತು ಹಿಡಿಯೋ ತರಬೇತಿ ಬೇಕು, ಅದಕ್ಕೆ ತಕ್ಕ ಸಂಬಳವೂ ಬೇಕು. ಕಾಲೋನಿಗಳಲ್ಲಿ ಮುದುಕರು ನಡೆದು ಹೋಗೋವಂಥ ಶೌಚಾಲಯ, ಅದಕ್ಕೊಂದು ಲೈಟು ಬೇಕು.

ಜಮೀನಿಗೆ ಬೀದಿಗಿಳಿದವರು ನಾವು. ಆ ಜಮೀನು ಉಳಿಸಿದವರ ಜೀವಕ್ಕೂ ಇಳಿಯಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಬೇಡಿಕೆ ಎತ್ತಿ. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂಗೆ ದಿಕ್ಕೆಟ್ಟರೆ ಬೆಳಿಗ್ಗೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ. ಕಾಪಿ ಮಾಡಿ, ಶೇರ್ ಮಾಡಿ, ಓದೋಕೆ ಬಾರದವರಿಗೆ ಓದಿ ಹೇಳಿ.

ಜೈಭೀಮ್.